ಬಿಸಾಡುವ ಪೆನ್ನು ಅಗ್ಗದ ಪೆನ್ನಲ್ಲ

ಸುರಪುರ ಸೀಮೆಯ ಹುಣಸಗಿಯ ಬಳಿ ಈಸಾಂಪುರ ಎಂಬ ಊರಿದೆ. 1990ರ ದಶಕದ ಕೊನೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರೂ ಅವರ ಸಂಗಡಿಗರೂ ಅಲ್ಲಿ ಉತ್ಖನನ ನಡೆಸಿದಾಗ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ತಯಾರಿಸುತ್ತಿದ್ದ ತಾಣವೇ ಹೊರಬಂದಿತು. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳ ಹಿಂದಕ್ಕೆ ಎಣಿಸಲಾಗಿದೆ. ಆ ಕಲ್ಲುಗಳಲ್ಲಿ ಎದ್ದು ಕಾಣುವ ಗುಣವೊಂದಿದೆ: ಅವನ್ನು ಹಿಡಿಯುವ ಅಂಗೈಯನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡೇ ಕಲ್ಲನ್ನು ಕೆತ್ತಲಾಗಿದೆ. ಅದೇ ಸೀಮೆಯ ಹೈಸ್ಕೂಲು ವಿದ್ಯಾರ್ಥಿಯ ಕೈಯಲ್ಲಿ ಇಂದು ಇರುವ ಉಪಕರಣವಾದರೋ ಕೈಯನ್ನು ಕೇಳಿ ಮಾಡಿದ್ದಲ್ಲ. ಅದು ಐದು ಅಥವಾ ಹತ್ತು ರೂಪಾಯಿಯ ಪ್ಲಾಸ್ಟಿಕ್ ಕಡ್ಡಿ. ಅದಕ್ಕೆ ಕೈಯೇ ಹೊಂದಿಕೊಳ್ಳಬೇಕು, ಹೊಂದಿಕೊಂಡಷ್ಟರಲ್ಲಿ ಅದು ಮುಗಿದಿರುತ್ತದೆ, ಮುಗಿದದ್ದು ಕಿಟಕಿಯಾಚೆ ಹೋಗುತ್ತದೆ.

ಇದು ಕ್ಷುಲ್ಲಕ ವಿಷಯವೆಂದು ನಗುವವರಿದ್ದಾರೆ. ನದಿಗಳು ಬತ್ತುತ್ತಿರುವಾಗ, ಬೆಟ್ಟಗಳು ಕ್ವಾರಿಗಳ ಪಾಲಾಗುತ್ತಿರುವಾಗ ಪೆನ್ನಿನ ಮಾತೇಕೆ ಎಂದು ಅವರು ಕೇಳುತ್ತಾರೆ. ಯಾದಗಿರಿ ಜಿಲ್ಲೆಯ ಸ್ಥಿತಿಯನ್ನು ಬಲ್ಲವರು ಹಾಗೆ ಕೇಳಲಾರರು. 2010ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದ ಈ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇಕಡಾ 52ನ್ನೂ ಮುಟ್ಟಲಿಲ್ಲ. ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಅದೇ ಕೊನೆಯ ಸ್ಥಾನ. ಇಲ್ಲಿನ ಅನೇಕ ಮನೆಗಳಲ್ಲಿ ಪೆನ್ನು ಹಿಡಿದ ಮೊದಲ ಕೈ ಇಂದು ಒಂಬತ್ತನೆಯ ಅಥವಾ ಹತ್ತನೆಯ ತರಗತಿಯಲ್ಲಿ ಕುಳಿತಿದೆ. ಅದೇ ಕೈ ರಜೆಯ ದಿನಗಳಲ್ಲಿ ಹತ್ತಿ ಬಿಡಿಸಲು ಹೊಲಕ್ಕೂ ಹೋಗುತ್ತದೆ. ಒಣಗಿದ ಹತ್ತಿಕಾಯಿಯ ಚೂಪು ತುದಿಗಳು ಉಗುರಿನ ಬುಡವನ್ನು ಹೇಗೆ ಕೀಳುತ್ತವೆ ಎಂಬುದು ಬಿಡಿಸಿದವರಿಗೆ ಗೊತ್ತು. ಆ ಬೆರಳುಗಳಿಂದ ಮೂರು ತಾಸು ಬಾಲ್‌ಪೆನ್ನನ್ನು ಒತ್ತಿ ಒತ್ತಿ ಉತ್ತರ ಪತ್ರಿಕೆ ತುಂಬಿಸಬೇಕು. ಕೊನೆಯ ತಾಸಿನಲ್ಲಿ ಅಕ್ಷರ ಕುಸಿದರೆ ಹುಡುಗನಿಗೆ ಅಭ್ಯಾಸ ಸಾಲದೆಂದು ತೀರ್ಮಾನಿಸಲಾಗುತ್ತದೆ. ಅವನ ಕೈಗೆ ಕೊಟ್ಟ ಸಾಧನವನ್ನು ಯಾರೂ ಪರೀಕ್ಷಿಸುವುದಿಲ್ಲ.

ಬಾಲ್‌ಪೆನ್ನಿನ ತುದಿಯಲ್ಲಿರುವ ಗುಂಡು ಉರುಳಿದರೆ ಮಾತ್ರ ಮಸಿ ಇಳಿಯುತ್ತದೆ. ಅದರೊಳಗಿನ ಮಸಿ ಅಂಟಿನಂತೆ ಗಟ್ಟಿ. ಆದ್ದರಿಂದ ಬರೆಯುವವನು ಪೆನ್ನನ್ನು ನೆಟ್ಟಗೆ ನಿಲ್ಲಿಸಿ ಕಾಗದದ ಮೇಲೆ ಒತ್ತಲೇಬೇಕು. ಬೆರಳಿನ ಗೆಣ್ಣು ಬಿಳಿಚುವಷ್ಟು ಹಿಡಿತ, ಹೆಬ್ಬೆರಳ ಬುಡದಲ್ಲಿ ನೋವು, ನಡುಬೆರಳಿನ ಪಕ್ಕದಲ್ಲಿ ಗಂಟು, ಇವು ಆ ಒತ್ತಡದ ಫಲ. ಶಾಯಿಪೆನ್ನಿಗೆ ಒತ್ತಡ ಬೇಡ. ನಿಬ್ಬು ಕಾಗದವನ್ನು ಸೋಕಿದರೆ ಸಾಕು, ಶಾಯಿ ತಾನಾಗಿ ಹರಿದು ಬರುತ್ತದೆ. ಇದರ ಹಿಂದಿರುವ ತತ್ವ ರೈತನಿಗೆ ಅಪರಿಚಿತವಲ್ಲ. ಮಳೆ ನಿಂತ ಮೇಲೆ ಎರೆ ಭೂಮಿಯ ಅಡಿಯ ತೇವವು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಹಿಂಗಾರಿ ಜೋಳದ ಬೇರನ್ನು ಮುಟ್ಟುವುದು ಯಾವ ಬಲದಿಂದಲೋ, ನಿಬ್ಬಿನ ಸೀಳಿನಲ್ಲಿ ಶಾಯಿ ಇಳಿಯುವುದೂ ಅದೇ ಬಲದಿಂದ. ನಿಬ್ಬಿನ ಅಡಿಯಲ್ಲಿರುವ ನಾಲಿಗೆಯಲ್ಲಿ ಸಣ್ಣ ಕಾಲುವೆಗಳಿವೆ. ಅವುಗಳಲ್ಲಿ ಶಾಯಿ ಹೊರಬರುವಂತೆಯೇ ಗಾಳಿ ಒಳಹೋಗಬೇಕು. ಕಿರಿದಾದ ಬಾಯಿಯ ಗಡಿಗೆಯನ್ನು ಬಗ್ಗಿಸಿದಾಗ ಗಾಳಿ ಒಳನುಗ್ಗಿದ ಹೊರತು ನೀರು ಸುರಿಯದಿರುವುದನ್ನು ಎಲ್ಲರೂ ಕಂಡಿದ್ದಾರೆ. ಪೆನ್ನು ಬರೆಯದೆ ಮೊಂಡು ಹಿಡಿದರೆ ಬಹುಪಾಲು ಕಾರಣ ಈ ಗಾಳಿಯ ದಾರಿ ಕಟ್ಟಿರುವುದೇ ಆಗಿರುತ್ತದೆ.

ಕೈಯ ಮಾತು ಹಾಗಿರಲಿ, ನೆಲದ ಮಾತಿಗೆ ಬರೋಣ. ಲೆಕ್ಕಕ್ಕೆಂದು ಒಬ್ಬ ವಿದ್ಯಾರ್ಥಿ ಹದಿನೈದು ದಿನಕ್ಕೊಂದು ಪೆನ್ನು ಮುಗಿಸುತ್ತಾನೆ ಎಂದಿಟ್ಟುಕೊಂಡರೆ ವರ್ಷಕ್ಕೆ ಇಪ್ಪತ್ತನಾಲ್ಕು. ಮುನ್ನೂರು ಮಕ್ಕಳ ಒಂದು ಪ್ರೌಢಶಾಲೆಯಿಂದ ಏಳು ಸಾವಿರಕ್ಕೂ ಹೆಚ್ಚು. ಇವು ಎಲ್ಲಿಗೆ ಹೋಗುತ್ತವೆ? ನಗರಗಳಲ್ಲಾದರೆ ಕಸದ ಗಾಡಿಗೆ. ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಮನೆಯ ಕಸ ತಿಪ್ಪೆಗೆ ಬೀಳುತ್ತದೆ, ತಿಪ್ಪೆ ಬೇಸಿಗೆಯಲ್ಲಿ ಹೊಲಕ್ಕೆ ಹೋಗುತ್ತದೆ. ಆ ಹೊಲಗಳಲ್ಲಿ ಬಹಳಷ್ಟು ಎರೆ ಭೂಮಿ. ಎರೆಯ ಸ್ವಭಾವವೇ ವಿಲಕ್ಷಣ. ಬೇಸಿಗೆಯಲ್ಲಿ ಅದು ಮೊಳಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಕಸಕಡ್ಡಿ ಬಿರುಕಿನೊಳಗೆ ಜಾರುತ್ತದೆ. ಮಳೆ ಬಿದ್ದೊಡನೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಎಂದು ಮಣ್ಣು ವಿಜ್ಞಾನಿಗಳು ಅದನ್ನು ವರ್ಣಿಸುವುದು ಇದಕ್ಕಾಗಿಯೇ. ಸೊಪ್ಪು ಸದೆ ಹೀಗೆ ಒಳಸೇರಿದರೆ ಭೂಮಿಗೆ ಊಟ. ಪ್ಲಾಸ್ಟಿಕ್ ಪೆನ್ನಿನ ಚೂರು ಒಳಸೇರಿದರೆ ಅದನ್ನು ಹೊರತೆಗೆಯುವ ಉಪಾಯವಿಲ್ಲ. ಅದು ಕೊಳೆಯುವುದಿಲ್ಲ, ಬಿಸಿಲಿಗೂ ಉಳುಮೆಗೂ ಒಡೆಯುತ್ತ ಸಣ್ಣ ಸಣ್ಣ ಚೂರಾಗುತ್ತದೆ ಅಷ್ಟೆ. ತಿಪ್ಪೆಯಲ್ಲಿಯೇ ಬೆಂಕಿ ಹಚ್ಚಿದರೆ ಹೊಗೆ ಅಂಗಳದ ಮಕ್ಕಳ ಎದೆಗೆ ಹೋಗುತ್ತದೆ.

ಸರ್ಕಾರ ಏನು ಮಾಡಿದೆ? 2022ರ ಜುಲೈ 1ರಿಂದ ಕೇಂದ್ರವು ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಕಿವಿ ಶುಚಿಗೊಳಿಸುವ ಕಡ್ಡಿ, ಐಸ್‌ಕ್ರೀಮಿನ ಕಡ್ಡಿ, ಬಲೂನಿನ ಕಡ್ಡಿ, ಹೀರುಗೊಳವೆ, ತಟ್ಟೆ, ಲೋಟ ಎಲ್ಲವೂ ಪಟ್ಟಿಯಲ್ಲಿದ್ದವು. ಬಲೂನಿನ ಕಡ್ಡಿಯನ್ನು ಕಂಡ ಕಣ್ಣಿಗೆ ಪೆನ್ನು ಕಾಣಲಿಲ್ಲ. ಬಲೂನನ್ನು ಹುಟ್ಟುಹಬ್ಬಕ್ಕೊಮ್ಮೆ ತರುತ್ತಾರೆ. ಪೆನ್ನನ್ನು ದಿನವೂ ಹಿಡಿಯುತ್ತಾರೆ.

ಇನ್ನೊಂದು ವಂಚನೆಯ ಬಗ್ಗೆಯೂ ಹೇಳಬೇಕು. ಈಚಿನ ವರ್ಷಗಳಲ್ಲಿ ಪರಿಸರ ದಿನಾಚರಣೆಯ ವೇದಿಕೆಗಳಲ್ಲಿ ಕಾಗದದ ಪೆನ್ನು ಹಂಚುವುದು ರೂಢಿಯಾಗಿದೆ. ತುದಿಯಲ್ಲಿ ಬೀಜವಿರುತ್ತದೆ, ಬಿಸಾಡಿದಲ್ಲಿ ಗಿಡ ಹುಟ್ಟುತ್ತದೆ ಎಂಬ ಮಾತಿರುತ್ತದೆ. ಕೊಚ್ಚಿಯ ಲಕ್ಷ್ಮೀ ಮೆನನ್ ಅವರಂಥವರು ಇದನ್ನು ಸದುದ್ದೇಶದಿಂದ, ಬಡ ಮಹಿಳೆಯರಿಗೆ ಕೆಲಸ ಕಲ್ಪಿಸುವುದಕ್ಕಾಗಿ ಪ್ರಚಾರಕ್ಕೆ ತಂದರು. ಅವರ ಮೇಲೆ ದೂರಿಲ್ಲ. ಆದರೆ ವೇದಿಕೆಯ ಮೇಲಿನವರು ಆ ಕಾಗದದ ಸುರುಳಿಯನ್ನು ಬಿಚ್ಚಿ ನೋಡಲಿ. ಒಳಗಿರುವುದು ಅದೇ ಪ್ಲಾಸ್ಟಿಕ್ ರೀಫಿಲ್ಲು, ಅದೇ ಲೋಹದ ಮೂತಿ. ಬೀಜದ ಗತಿಯೂ ಅಷ್ಟೇ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಮೇಜಿನ ಖಾನೆಯಲ್ಲೋ ಅಂಗಿಯ ಜೇಬಿನಲ್ಲೋ ತಿಂಗಳುಗಟ್ಟಲೆ ಬೆಂದ ಬೀಜ ಮೊಳೆಯುವ ಭರವಸೆ ಕಡಿಮೆ. ಮೊಳೆತರೂ ಕಸದ ರಾಶಿಯಲ್ಲಿ ಅದಕ್ಕೆ ನೀರೆರೆಯುವವರಾರು? ಬಿಸಾಡುವುದನ್ನು ಪುಣ್ಯಕಾರ್ಯವಾಗಿಸುವ ಉಪಾಯವಿದು.

ಬಿಸಾಡದ ಪೆನ್ನು ಈ ದೇಶಕ್ಕೆ ಹೊಸದಲ್ಲ. ಗೋದಾವರಿಯ ದಡದ ರಾಜಮಹೇಂದ್ರಿಯಲ್ಲಿ ಕೆ.ವಿ. ರತ್ನಂ ಎಂಬ ಕುಶಲಕರ್ಮಿ 1930ರ ದಶಕದ ಆರಂಭದಲ್ಲಿ ಸ್ವದೇಶಿ ಶಾಯಿಪೆನ್ನು ಮಾಡಿದರು. ಅದು ಗಾಂಧೀಜಿಯ ಕೈ ಸೇರಿದ್ದು ಗ್ರಾಮೋದ್ಯೋಗ ಸಂಘದ ಜೆ.ಸಿ. ಕುಮಾರಪ್ಪನವರ ಮೂಲಕ. 1935ರಲ್ಲಿ ಗಾಂಧೀಜಿ ರತ್ನಂ ಅವರಿಗೆ ಪತ್ರ ಬರೆದು, ಬಜಾರಿನಲ್ಲಿ ಸಿಗುವ ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿಯೆಂದು ಮೆಚ್ಚಿಕೊಂಡರು. ನಡುವೆ ನಿಂತ ವ್ಯಕ್ತಿ ಯಾರೆಂಬುದನ್ನು ಪರಿಸರದ ಕಾರ್ಯಕರ್ತರು ಗಮನಿಸಬೇಕು. ನಿಸರ್ಗದ ಬಂಡವಾಳವನ್ನು ಕರಗಿಸದೆ ಬದುಕುವ ಶಾಶ್ವತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸಿದ ಅರ್ಥಶಾಸ್ತ್ರಜ್ಞರೇ ಆ ಪೆನ್ನನ್ನು ಹೊತ್ತು ತಂದವರು. ಕಲ್ಕತ್ತೆಯ ಸುಲೇಖಾ ಶಾಯಿ 1934ರಲ್ಲಿ ಹುಟ್ಟಿದ್ದೂ ಸ್ವದೇಶಿ ಚಳವಳಿಯ ಮಡಿಲಲ್ಲಿಯೇ. ಅದಕ್ಕೂ ಮೊದಲು, 1931ರಲ್ಲಿ, ಮುಂಬಯಿಯ ದಾಂಡೇಕರ್ ಸಹೋದರರು ಆರಂಭಿಸಿದ ಶಾಯಿಯ ಉದ್ಯಮವೇ ಮುಂದೆ ಒಂಟೆಯ ಗುರುತಿನ ಸೀಸೆಯಾಗಿ ಪ್ರತಿ ಶಾಲೆಯ ಮೇಜಿನ ಮೇಲೆ ಕುಳಿತಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರಗಳ ಕಚೇರಿಗಳಲ್ಲಿ ಕಲಮು ದೌತಿಗಳು ನಡೆದಿದ್ದವು. ಇಂದಿಗೂ ಅಲ್ಲಿನ ಹಿರಿಯರ ಬಾಯಲ್ಲಿ ಪೆನ್ನು ಕಲಮೇ, ಮಸಿ ಶಾಯಿಯೇ.

ಆದುದರಿಂದ ಶಾಯಿಪೆನ್ನು ಸಿರಿವಂತರ ಹವ್ಯಾಸವೆಂಬ ಮಾತು ಚರಿತ್ರೆಯ ಅರಿವಿಲ್ಲದ ಮಾತು. ಹಾಗೆನ್ನುವುದಕ್ಕೆ ಎಡೆ ಮಾಡಿಕೊಟ್ಟವರು ಪೆನ್ನುಪ್ರಿಯರೇ ಎಂಬುದೂ ನಿಜ. ಜರ್ಮನಿಯ ಲ್ಯಾಮಿ, ಜಪಾನಿನ ಪೈಲಟ್ ಇಲ್ಲದೆ ಬರವಣಿಗೆಯೇ ಸಾಗದೆಂದು ಅವರು ಸಾವಿರಗಟ್ಟಲೆ ರೂಪಾಯಿಯ ಮಾತಾಡುತ್ತಾರೆ. ಹತ್ತು ಪೆನ್ನುಗಳನ್ನು ಡಬ್ಬಿಯಲ್ಲಿ ಜೋಡಿಸಿಟ್ಟು ಒಂದರಲ್ಲೂ ಬರೆಯುವುದಿಲ್ಲ. ಕೊಳ್ಳುಬಾಕತನಕ್ಕೆ ಹಳೆಯ ವಸ್ತುವಿನ ವೇಷ ತೊಡಿಸಿದರೆ ಅದು ಕೊಳ್ಳುಬಾಕತನವಾಗಿಯೇ ಉಳಿಯುತ್ತದೆ. ಯಾದಗಿರಿಯ ವಿದ್ಯಾರ್ಥಿಗೆ ಬೇಕಾದದ್ದು ನೂರು ನೂರೈವತ್ತು ರೂಪಾಯಿಯೊಳಗಿನ, ಮೂರು ವರ್ಷ ಬಾಳುವ ಒಂದೇ ಒಂದು ಪೆನ್ನು.

ಅಂಥ ಪೆನ್ನನ್ನು ಆರಿಸುವುದು ಎತ್ತನ್ನು ಆರಿಸಿದಂತೆ, ಬಣ್ಣಕ್ಕೆ ಮರುಳಾಗಬಾರದು. ಮೊದಲು ತೂಕ ನೋಡಬೇಕು. ಶಾಯಿ ತುಂಬಿದ ಮೇಲೂ ಇಪ್ಪತ್ತು ಗ್ರಾಮಿನ ಆಸುಪಾಸಿನಲ್ಲಿರುವ ಪೆನ್ನು ದಿನವಿಡೀ ಬರೆಯುವವರಿಗೆ ಹಿತ. ಹೊಳೆಯುವ ಹಿತ್ತಾಳೆ ಮೈಯ ಪೆನ್ನು ಉಡುಗೊರೆಗೆ ಚೆಂದ, ಆದರೆ ಎರಡನೆಯ ಪುಟಕ್ಕೇ ಮಣಿಕಟ್ಟಿಗೆ ಭಾರ. ಬೆರಳು ಹಿಡಿಯುವ ಜಾಗ ಹತ್ತರಿಂದ ಹನ್ನೆರಡು ಮಿಲಿಮೀಟರ್ ದಪ್ಪವಿರಬೇಕು. ಅದಕ್ಕಿಂತ ಸಣ್ಣದಾದರೆ ಬೆರಳುಗಳು ಕಡ್ಡಿಯನ್ನು ಹಿಸುಕತೊಡಗುತ್ತವೆ. ಆ ಜಾಗದಲ್ಲಿ ಲೋಹವಾಗಲಿ ತೀರ ನುಣುಪಾದ ಪ್ಲಾಸ್ಟಿಕ್ಕಾಗಲಿ ಇದ್ದರೆ ಏಪ್ರಿಲ್ ತಿಂಗಳ ಬೆವರಿಗೆ ಜಾರುತ್ತದೆ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ಎಬೊನೈಟ್ ಪೆನ್ನುಗಳು ಈ ವಿಷಯದಲ್ಲಿ ಉತ್ತಮ. ಅವು ಜಾರುವುದಿಲ್ಲ, ಕೈಗೆ ಹಗುರ. ರಾಜಮಹೇಂದ್ರಿ, ಹೈದರಾಬಾದು, ಚೆನ್ನೈಗಳಲ್ಲಿ ಇಂದಿಗೂ ಕೈಯಿಂದ ಕಡೆದು ಮಾಡುವವರಿದ್ದಾರೆ. ಬೆಲೆ ಮಾತ್ರ ವಿದ್ಯಾರ್ಥಿಗೆ ಹೆಚ್ಚು. (ರಬ್ಬರ್ ತೋಟಗಳು ಮಲೆನಾಡಿಗೆ ಮಾಡಿದ ಹಾನಿಯನ್ನು ಮರೆತು ಎಬೊನೈಟನ್ನು ಹೊಗಳುವಂತಿಲ್ಲ ಎಂಬುದೂ ಇರಲಿ.) ಸಾಧಾರಣ ಪ್ಲಾಸ್ಟಿಕ್ ಮೈಯ ಶಾಯಿಪೆನ್ನೇ ಸಾಕು, ಮೂರು ವರ್ಷ ಬಾಳುವ ಪ್ಲಾಸ್ಟಿಕ್ಕಿಗೂ ಹದಿನೈದು ದಿನದ ಪ್ಲಾಸ್ಟಿಕ್ಕಿಗೂ ಹೋಲಿಕೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನಿಬ್ಬು. ಕನ್ನಡದ ಅಕ್ಷರಗಳು ದುಂಡು. ತಾಳೆಗರಿಯ ಮೇಲೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ಅವು ಹಾಗೆ ದುಂಡಾದವೆಂದು ವಿದ್ವಾಂಸರು ಹೇಳುವುದುಂಟು. ಜೊತೆಗೆ ಒತ್ತಕ್ಷರಗಳಿವೆ. ದಪ್ಪ ನಿಬ್ಬಿನಲ್ಲಿ ‘ಷ್ಟ್ರ’ ಬರೆದರೆ ಕೆಳಗಿನ ಒತ್ತುಗಳು ಮಸಿಯ ಮುದ್ದೆಯಾಗುತ್ತವೆ, ‘ಥ’ ಅಕ್ಷರದ ಹೊಟ್ಟೆಯ ಚುಕ್ಕೆ ಮುಚ್ಚಿಹೋಗುತ್ತದೆ. ಆದ್ದರಿಂದ ಸಣ್ಣ ಮೊನೆಯ ಉಕ್ಕಿನ ನಿಬ್ಬೇ ಕನ್ನಡಕ್ಕೆ ಸೂಕ್ತ. ಅಂಗಡಿಯಲ್ಲಿ ನಿಬ್ಬನ್ನು ಶಾಯಿಯಲ್ಲಿ ಅದ್ದಿ, ಪೆನ್ನಿನ ಹಿಂತುದಿಯನ್ನು ಸಡಿಲವಾಗಿ ಹಿಡಿದು, ಅದರ ಸ್ವಂತ ಭಾರದಿಂದಷ್ಟೇ ‘ಠ’ ಅಕ್ಷರವನ್ನು ಸುತ್ತಿ ಸುತ್ತಿ ಬರೆದು ನೋಡಬೇಕು. ಸುತ್ತಿನ ಯಾವುದೋ ಒಂದು ಕಡೆ ಗೀರಿದರೆ ನಿಬ್ಬಿನ ಎರಡು ಹಲ್ಲುಗಳು ಮೇಲೆ ಕೆಳಗಾಗಿವೆ ಎಂದರ್ಥ. ಬೀಜ ಪರೀಕ್ಷಿಸುವ ಬೂದುಗಾಜಿನಲ್ಲಿ ನೋಡಿದರೆ ಕಾಣುತ್ತದೆ. ಉಗುರಿನಿಂದ ಮೆಲ್ಲಗೆ ಒತ್ತಿ ಸರಿಮಾಡಬಹುದು. ಅದ್ದಿ ನೋಡಲು ಬಿಡದ ಅಂಗಡಿಯಲ್ಲಿ ಪೆನ್ನು ಕೊಳ್ಳಬಾರದು. ನಿಬ್ಬು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಲೇಬೇಕು, ಏಕೆಂದರೆ ಕೆಳಗೆ ಬಿದ್ದರೆ ಹಾಳಾಗುವುದು ನಿಬ್ಬೊಂದೇ.

ಶಾಯಿ ತುಂಬುವ ಬಗೆಗಳಲ್ಲಿ ಕೊಳವೆಗಳ ಮೋಸವನ್ನು ದೂರವಿಡುವುದು ಮೇಲು. ಮುಕ್ಕಾಲು ಮಿಲಿಯಷ್ಟು ಶಾಯಿ ಹಿಡಿಯುವ ಪ್ಲಾಸ್ಟಿಕ್ ಕಾರ್ಟ್ರಿಜ್ ಮುಗಿದೊಡನೆ ಮತ್ತೆ ಬಿಸಾಡುವುದೇ ಆದರೆ ಬಾಲ್‌ಪೆನ್ನು ಬಿಟ್ಟು ಬಂದದ್ದೇಕೆ? ಹಳೆಯ ಪದ್ಧತಿಯಂತೆ ಮೈಯ ಟೊಳ್ಳಿಗೇ ಹನಿಗೊಳವೆಯಿಂದ ಶಾಯಿ ತುಂಬುವ ಪೆನ್ನು ಎರಡು ಎರಡೂವರೆ ಮಿಲಿ ಹಿಡಿಯುತ್ತದೆ. ಅರವತ್ತು ಮಿಲಿಯ ಒಂದು ಸೀಸೆಯಿಂದ ಇಪ್ಪತ್ತನಾಲ್ಕು ಸಲವಾದರೂ ತುಂಬಬಹುದು.

ಸೋರುತ್ತದೆ, ಅಂಗಿ ಹಾಳಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಕೆಲವು ಶಾಲೆಗಳು ಇದೇ ಕಾರಣಕ್ಕೆ ಶಾಯಿಪೆನ್ನನ್ನು ಬೇಡವೆನ್ನುತ್ತವೆ. ಆದರೆ ಸೋರುವುದರ ಕಾರಣವನ್ನು ಮಕ್ಕಳಿಗೆ ಯಾರೂ ತಿಳಿಸಿಕೊಟ್ಟಿಲ್ಲ. ಪೆನ್ನು ಅರ್ಧ ಖಾಲಿಯಾದಾಗ ಒಳಗೆ ಗಾಳಿ ತುಂಬಿರುತ್ತದೆ. ಅಂಗೈಯ ಬಿಸಿಗೆ, ಅದಕ್ಕಿಂತ ಹೆಚ್ಚಾಗಿ ಯಾದಗಿರಿಯ ಬೇಸಿಗೆಗೆ, ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ. ಪೂರ್ತಿ ತುಂಬಿದ ಪೆನ್ನಿನಲ್ಲಿ ಗಾಳಿಯೇ ಇಲ್ಲ, ಹಿಗ್ಗುವುದೇನು? ಪರೀಕ್ಷೆಯ ದಿನ ಬೆಳಿಗ್ಗೆ ಪೂರ್ತಿ ತುಂಬಿ, ಬಸ್ಸಿನಲ್ಲಿ ನಿಬ್ಬು ಮೇಲಾಗಿ ಇಟ್ಟುಕೊಂಡು ಹೋದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ತಿರುಪಿನ ಜಾಗದಲ್ಲಿ ಜೇನುಮೇಣ ಸವರಿದ ಹತ್ತಿಯ ದಾರವನ್ನು ಎರಡು ಸುತ್ತು ಸುತ್ತಿದರೆ ಅಲ್ಲಿಯೂ ಜಿನುಗುವುದಿಲ್ಲ. ಹನಿ ಬಿದ್ದೇಬಿಟ್ಟರೆ ಸೀಮೆಸುಣ್ಣದ ತುಂಡು ಅದನ್ನು ಹೀರುತ್ತದೆಂಬುದು ಹಿಂದೆ ಪ್ರತಿ ಮಗುವಿಗೂ ತಿಳಿದಿತ್ತು. ತಿಂಗಳಿಗೊಮ್ಮೆ ಪೆನ್ನು ತೊಳೆಯುವಾಗ ಕೊಳವೆಬಾವಿಯ ನೀರು ಬೇಡ. ಈ ಸೀಮೆಯ ಗಡುಸು ನೀರು ಕೊಡದ ಮೈಗೆ ಬಿಳಿ ಪದರ ಹಚ್ಚುವಂತೆಯೇ ನಾಲಿಗೆಯ ಸಣ್ಣ ಕಾಲುವೆಗಳಿಗೂ ಹಚ್ಚುತ್ತದೆ. ಹಿಡಿದಿಟ್ಟ ಮಳೆನೀರು ಅತ್ಯುತ್ತಮ, ಇಲ್ಲವೇ ಶುದ್ಧೀಕರಿಸಿದ ಕುಡಿಯುವ ನೀರು. ಉತ್ಸಾಹಿಗಳು ಮನೆಯಲ್ಲಿಯೇ ಕಾಡಿಗೆ ಮತ್ತು ಅಂಟಿನಿಂದಲೋ, ಅಳಲೆಕಾಯಿ ಮತ್ತು ಅನ್ನಭೇದಿಯಿಂದಲೋ ಮಸಿ ಕಾಯಿಸಿ ಪೆನ್ನಿಗೆ ತುಂಬುವ ಸಾಹಸ ಮಾಡಬಾರದು. ಆ ಮಸಿಗಳು ಅದ್ದಿ ಬರೆಯುವ ಲೆಕ್ಕಣಿಕೆಗೆ ತಕ್ಕವು. ಶಾಯಿಪೆನ್ನಿನೊಳಗೆ ಅಂಟು ಒಣಗಿ ದಾರಿ ಕಟ್ಟುತ್ತದೆ, ಅನ್ನಭೇದಿ ನಿಬ್ಬನ್ನು ತಿನ್ನುತ್ತದೆ.

ಮಲೆನಾಡಿನ ಓದುಗರು ಕೇಳಬಹುದಾದ, ಕೇಳಲೇಬೇಕಾದ ಒಂದು ಪ್ರಶ್ನೆ ಉಳಿದಿದೆ. ಅಗ್ಗದ ನೋಟುಪುಸ್ತಕದಲ್ಲಿ ಶಾಯಿ ಹಬ್ಬುತ್ತದೆ, ಹಿಂದಿನ ಪುಟಕ್ಕೆ ಇಳಿಯುತ್ತದೆ. ಮಗು ಒಂದೇ ಮಗ್ಗುಲಲ್ಲಿ ಬರೆಯತೊಡಗಿದರೆ ಕಾಗದದ ಖರ್ಚು ಎರಡು ಪಟ್ಟು. ಆ ಕಾಗದ ಎಲ್ಲಿಂದ ಬರುತ್ತದೆ? 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ನೆಲೆಯೂರಿದ ಮೇಲೆ ಉತ್ತರ ಕನ್ನಡದ ಬಿದಿರಿಗೆ ಏನಾಯಿತೆಂಬುದನ್ನು ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿಯೇ ತೋರಿಸಿದ್ದಾರೆ. ಬುಟ್ಟಿ ಹೆಣೆಯುವವನಿಗೆ ಸಿಗದ ಬಿದಿರು ಕಾರ್ಖಾನೆಗೆ ನಾಮಮಾತ್ರ ದರದಲ್ಲಿ ಹೋಯಿತು. ತಿರುಳಿಗಾಗಿ ಊರ ಗೋಮಾಳಗಳಲ್ಲಿ ನೀಲಗಿರಿ ಎದ್ದಾಗ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿ ಅದನ್ನು ಕಿತ್ತರು. ಬಯಲುಸೀಮೆಯ ಮಗುವಿನ ಪೆನ್ನು ಬೆಟ್ಟದ ಬಿದಿರನ್ನು ಇನ್ನಷ್ಟು ತಿನ್ನುವುದಾದರೆ ಈ ವಾದವೇ ಬಿದ್ದುಹೋಗುತ್ತದೆ. ಸಣ್ಣ ಮೊನೆಯ ನಿಬ್ಬಿನ ಬಗ್ಗೆ ಇಷ್ಟು ಒತ್ತಿ ಹೇಳಿದ್ದಕ್ಕೆ ಇದು ಎರಡನೆಯ ಕಾರಣ. ಕಡಿಮೆ ಶಾಯಿ ಬಿಡುವ ನಿಬ್ಬು, ತೆಳುವಾಗಿ ಹರಿಯದ ಶಾಯಿ, ಒತ್ತದ ಕೈ, ಈ ಮೂರೂ ಇದ್ದರೆ ಸಾಧಾರಣ ಕಾಗದದಲ್ಲೂ ಎರಡು ಮಗ್ಗುಲು ಬರೆಯಬಹುದು. ತೀರ ಕಳಪೆ ಕಾಗದದಲ್ಲಿ ಆಗದು. ಅಲ್ಲಿ ಪೆನ್ಸಿಲ್ಲೇ ಮೇಲು.

ಬಾಲ್‌ಪೆನ್ನಿಗೂ ಅದರದೇ ಜಾಗವಿದೆ. ನಕಲು ಕಾಗದವಿಟ್ಟು ರಸೀದಿ ಬರೆಯುವ ಎಪಿಎಂಸಿಯ ಗುಮಾಸ್ತನಿಗೆ ಒತ್ತಡ ಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳ ಓಎಂಆರ್ ಹಾಳೆಗೆ ಬಾಲ್‌ಪೆನ್ನೇ ಆಗಬೇಕೆಂಬ ನಿಯಮವಿದೆ. ಒಂದು ಬಾಲ್‌ಪೆನ್ನು ಚೀಲದಲ್ಲಿರಲಿ, ಅದರ ರೀಫಿಲ್ಲನ್ನು ಬದಲಿಸಿಕೊಳ್ಳಲಿ. ದಿನದ ಟಿಪ್ಪಣಿ, ಮನೆಪಾಠ, ಮೂರು ತಾಸಿನ ಉತ್ತರ ಪತ್ರಿಕೆಗಳನ್ನೂ ಅದರಿಂದಲೇ ಬರೆಯಬೇಕೆಂಬ ನಿರ್ಬಂಧ ಯಾರದು?

ಅಂಗಡಿಯವರದು ಎನ್ನಬಹುದು. ತಾಲ್ಲೂಕು ಕೇಂದ್ರಗಳ ಸಣ್ಣ ಅಂಗಡಿಗಳಲ್ಲಿ ಶಾಯಿಪೆನ್ನು ಕೇಳಿದರೆ ಈಗ ಯಾರೂ ಒಯ್ಯುವುದಿಲ್ಲ ಎಂಬ ಉತ್ತರ ಬರುತ್ತದೆ. ಒಯ್ಯುವವರು ಕೇಳದೆ ಅಂಗಡಿಯವನು ತರಿಸುವುದಿಲ್ಲ, ಅಂಗಡಿಯಲ್ಲಿ ಕಾಣದೆ ಮಕ್ಕಳು ಕೇಳುವುದಿಲ್ಲ. ಈ ಗಂಟನ್ನು ಬಿಚ್ಚಬಲ್ಲದ್ದು ಪ್ರತಿ ಸರ್ಕಾರಿ ಶಾಲೆಯಲ್ಲಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಒಂಬತ್ತನೆಯ ತರಗತಿಯ ಮಕ್ಕಳ ತಂದೆತಾಯಿಗಳು ಒಟ್ಟಾಗಿ ನಲವತ್ತು ಪೆನ್ನುಗಳಿಗೆ ಬೇಡಿಕೆಯಿಟ್ಟರೆ ಯಾವ ವ್ಯಾಪಾರಿಯೂ ಇಲ್ಲವೆನ್ನುವುದಿಲ್ಲ. ತರಗತಿಗೊಂದು ಶಾಯಿ ಸೀಸೆಯನ್ನು ಗುರುಗಳ ಮೇಜಿನ ಮೇಲಿಟ್ಟರೆ ಮನೆಯಲ್ಲಿ ಸೀಸೆ ಕೊಳ್ಳಲಾಗದ ಮಗುವೂ ತುಂಬಿಕೊಳ್ಳುತ್ತದೆ. ಹಿಂದೆ ಪಕ್ಕದವನಿಂದ ಎರಡು ಹನಿ ಶಾಯಿ ಸಾಲ ಪಡೆಯದ ವಿದ್ಯಾರ್ಥಿಯೇ ಇರಲಿಲ್ಲ. ಸಭೆ ಸಮಾರಂಭಗಳಲ್ಲಿ ಬೀಜದ ಪೆನ್ನು ಹಂಚುವ ಸಂಘಸಂಸ್ಥೆಗಳು ಅದೇ ಹಣದಲ್ಲಿ ಬಿಡಿ ನಿಬ್ಬುಗಳನ್ನು ಕೊಂಡು ಶಾಲೆಗೆ ಕೊಡಲಿ. ಶಾಲೆಗಳು ತೆರೆಯುವುದು ಮೇ ತಿಂಗಳ ಕೊನೆಗೆ. ವ್ಯಾಪಾರಿಗಳು ಅದಕ್ಕೆ ಮುಂಚೆಯೇ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಸರಕು ತರಿಸಿಬಿಡುತ್ತಾರೆ. ಬೇಡಿಕೆಯ ಚೀಟಿ ಯುಗಾದಿಯ ಹೊತ್ತಿಗೆ ಅವರ ಕೈಸೇರಿರಬೇಕು.